ಬಾಟಲಿ ಲೇಬಲ್ ಮೇಲೆ ಯಾವ ವಿಳಾಸ ಹಾಕಿಸಲಿ? ಕಂಪನಿ ಕೊಟ್ಟ ಸಬ್‌ಡೊಮೈನಾ, ಸ್ವಂತ ಡೊಮೈನಾ?

ಸಾಗರದ ಮಿಡಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನವಳು. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಮಾಡಿ ಮಾರುತ್ತೇವೆ. ಇಷ್ಟು ವರ್ಷ ವಾಟ್ಸಾಪ್‌ನಲ್ಲೇ ಆರ್ಡರ್ ಬರುತ್ತಿತ್ತು. ಈಗ ಆನ್‌ಲೈನ್ ಅಂಗಡಿ ಮಾಡಿಕೊಡುವ ಒಂದು ಆಪ್‌ನಲ್ಲಿ ಖಾತೆ ತೆರೆದಿದ್ದೇವೆ. ಅವರೇ ಪುಕ್ಕಟೆ ಒಂದು ವಿಳಾಸ ಕೊಟ್ಟಿದ್ದಾರೆ. ಮೊದಲು ನಮ್ಮ ಹೆಸರು, ಒಂದು ಚುಕ್ಕಿ, ಆಮೇಲೆ ಅವರ ಕಂಪನಿ ಹೆಸರು. ಇದಕ್ಕೆ ಸಬ್‌ಡೊಮೈನ್ ಅಂತಾರಂತೆ. ಚೆನ್ನಾಗಿಯೇ ನಡೆಯುತ್ತಿದೆ, ತಕರಾರಿಲ್ಲ.

ವಿಷಯ ಏನಂದ್ರೆ, ಮಿಡಿ ಬರುವುದರೊಳಗೆ ಬಾಟಲಿಗೆ ಹೊಸ ಲೇಬಲ್ ಮಾಡಿಸಬೇಕು. ಎಫ್‌ಎಸ್‌ಎಸ್‌ಎಐ ನಂಬರು, ತೂಕ, ಪದಾರ್ಥ ಎಲ್ಲ ಕೂತಾಗಿದೆ. ಕೆಳಗೆ ಕ್ಯೂಆರ್ ಕೋಡ್‌ಗೆ ಒಂದು ಚೌಕ ಖಾಲಿ ಇದೆ. ಅದರಲ್ಲಿ ಯಾವ ವಿಳಾಸ ಇರಬೇಕು? ತಮ್ಮ ಹೇಳುತ್ತಾನೆ ಸ್ವಂತ ಡೊಮೈನ್ (ಕಂಪನಿ ಹೆಸರಿಲ್ಲದ, ನಮ್ಮದೇ ವೆಬ್ ವಿಳಾಸ) ತಗೋ ಅಂತ. ನಮ್ಮನೆಯವರು ಹೇಳುತ್ತಾರೆ, ಪುಕ್ಕಟೆ ಸಿಕ್ಕಿದ್ದು ಕೆಲಸ ಮಾಡ್ತಾ ಇದೆಯಲ್ಲ, ವರ್ಷ ವರ್ಷ ದುಡ್ಡು ಕಟ್ಟುವುದು ಎಂತಕ್ಕೆ ಅಂತ. ಇಬ್ಬರ ಮಾತೂ ಸರಿ ಅನ್ನಿಸುತ್ತೆ. ಗೊತ್ತಿದ್ದವರು ಹೇಳಿ.

ದುರ್ಗಿಗುಡಿ ಡೆವಲಪರ್

ಅಕ್ಕ, ಎರಡರಲ್ಲಿ ಒಂದನ್ನೇ ಆರಿಸಬೇಕು ಅಂತೇನಿಲ್ಲ. ಹೆಸರು ಬೇರೆ, ಅಂಗಡಿ ಇರುವ ಜಾಗ ಬೇರೆ. ಅಂಗಡಿ ಆ ಆಪ್‌ನಲ್ಲೇ ಇರಲಿ. ಹೆಸರು ಮಾತ್ರ ನಿಮ್ಮದಿರಲಿ. ಡೊಮೈನ್ ಒಂದನ್ನು ನೀವು ನೋಂದಾಯಿಸಿ, ಅದರ ಡಿಎನ್‌ಎಸ್‌ನಲ್ಲಿ (ಯಾವ ಹೆಸರು ಎಲ್ಲಿಗೆ ಹೋಗಬೇಕು ಅಂತ ಬರೆದಿರುವ ಪಟ್ಟಿ) "ಈ ಹೆಸರು ಕೇಳಿದವರನ್ನು ಅಲ್ಲಿಗೆ ಕಳಿಸು" ಅಂತ ಒಂದು ಸಾಲು ಬರೆದರೆ ಆಯಿತು. ನಾಳೆ ಆಪ್ ಬದಲಾಯಿಸಿದರೆ ಆ ಸಾಲು ಬದಲಾಯಿಸುತ್ತೀರಿ, ಬಾಟಲಿ ಮೇಲಿನ ವಿಳಾಸ ಹಾಗೇ ಇರುತ್ತೆ.

ಸಬ್‌ಡೊಮೈನ್‌ನಲ್ಲಿ ಇದು ಆಗುವುದಿಲ್ಲ. ಅದು ಕಂಪನಿಯ ಡೊಮೈನಿನ ಒಂದು ತುಂಡು. ಅದು ಎಲ್ಲಿಗೆ ಹೋಗಬೇಕು ಅಂತ ಹೇಳುವ ಹಕ್ಕು ಅವರದು. ನೀವು ಅಲ್ಲಿಂದ ಹೊರಟರೆ ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸಿ ಅಂತ ಅವರನ್ನು ಒತ್ತಾಯ ಮಾಡೋಕೆ ಆಗಲ್ಲ.

ಕಂಪನಿ ದೊಡ್ಡದಾದರೆ ಭಯವಿಲ್ಲ ಅನ್ನುತ್ತಾರೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿದವರಿಗೆ ಗೂಗಲ್ಲೇ ಪುಕ್ಕಟೆ ಒಂದು ಪುಟ ಕೊಡುತ್ತಿತ್ತು, ನೆನಪಿದೆಯಾ? ವಿಳಾಸದ ಕೊನೆಗೆ ಬಿಸಿನೆಸ್ ಡಾಟ್ ಸೈಟ್ ಅಂತ ಇರುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿದರು. ಆ ವಿಳಾಸಕ್ಕೆ ಹೋದವರನ್ನು ಜೂನ್ 10ರವರೆಗೆ ಮ್ಯಾಪ್‌ನ ಪ್ರೊಫೈಲಿಗೆ ಕಳಿಸುತ್ತಿದ್ದರು, ಆಮೇಲೆ ಅದೂ ಇಲ್ಲ. ಮೊದಲೇ ತಿಳಿಸಿ ಮುಚ್ಚಿದರು ನಿಜ. ಆದರೆ ಬೋರ್ಡ್ ಬರೆಸಿದವರು, ಬಿಲ್ ಪುಸ್ತಕ ಅಚ್ಚು ಹಾಕಿಸಿದವರು ಆ ಮೂರು ತಿಂಗಳಲ್ಲಿ ಏನು ಮಾಡಬೇಕು? ಇದಕ್ಕೂ ಮುಂಚೆ 2009ರಲ್ಲಿ ಯಾಹೂ ಜಿಯೋಸಿಟೀಸ್ ಹೀಗೇ ಮುಚ್ಚಿತ್ತು. ಕಂಪನಿ ಕೆಟ್ಟದ್ದು ಅಂತಲ್ಲ, ಅವರ ಲೆಕ್ಕಾಚಾರ ಬದಲಾದಾಗ ನಮ್ಮನ್ನು ಕೇಳುವುದಿಲ್ಲ, ಅಷ್ಟೆ.

ಗಾಂಧಿಬಜಾರ್ ಪ್ರಿಂಟರ್

ನಾನು ಲೇಬಲ್ ಅಚ್ಚು ಹಾಕುವ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಮೇಡಂ. ವೆಬ್‌ಸೈಟಿನವರು ಇದನ್ನು ಯೋಚಿಸುವುದು ಕಮ್ಮಿ.

ಉಪ್ಪಿನಕಾಯಿ ಬಾಟಲಿ ಬಿಸ್ಕತ್ ಪೊಟ್ಟಣದ ಥರ ಅಲ್ಲ. ನಿಮ್ಮ ಮಿಡಿ ಉಪ್ಪಲ್ಲಿ ಸರಿಯಾಗಿ ಕೂತರೆ ವರ್ಷಗಟ್ಟಲೆ ಇರುತ್ತೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಯಾರದೋ ಅಡುಗೆಮನೆಯಲ್ಲಿ ಆ ಬಾಟಲಿ ಕೂತಿರುತ್ತೆ. ಖಾಲಿಯಾಗುವ ಹೊತ್ತಿಗೆ ಅವರಿಗೆ ನಿಮ್ಮ ನೆನಪು ಬರುವುದು, ಆಗ ಫೋನ್ ತೆಗೆದು ಸ್ಕ್ಯಾನ್ ಮಾಡುವುದು. ಎರಡನೇ ಆರ್ಡರ್ ಬರುವುದು ಆ ಹಳೇ ಲೇಬಲ್‌ನಿಂದ. ಹಾಗಾಗಿ ಅದರ ಮೇಲಿನ ವಿಳಾಸ ಬಾಟಲಿಗಿಂತ ಜಾಸ್ತಿ ಕಾಲ ಬಾಳಬೇಕು.

ಇನ್ನೊಂದು. ಕ್ಯೂಆರ್ ಒಳಗೆ ಇರುವುದು ಬರೀ ಅಕ್ಷರ. ವಿಳಾಸ ಉದ್ದ ಆದಷ್ಟೂ ಚುಕ್ಕಿಗಳು ಸಣ್ಣದಾಗುತ್ತಾ ಹೋಗುತ್ತವೆ. ಕ್ಯೂಆರ್‌ನಲ್ಲಿ ತಪ್ಪು ಸರಿಪಡಿಸಿಕೊಳ್ಳುವ ನಾಲ್ಕು ಮಟ್ಟ ಇವೆ. ಕಡಿಮೆ ಮಟ್ಟದಲ್ಲಿ ಸುಮಾರು ನೂರಕ್ಕೆ 7 ಭಾಗ ಹಾಳಾದರೂ ಓದುತ್ತೆ, ಮೇಲಿನ ಮಟ್ಟದಲ್ಲಿ ಸುಮಾರು 30 ಭಾಗ. ಉಪ್ಪಿನಕಾಯಿ ಬಾಟಲಿಯ ಲೇಬಲ್‌ಗೆ ಮೇಲಿನ ಮಟ್ಟವೇ ಬೇಕು, ಯಾಕಂದ್ರೆ ಎಣ್ಣೆ ಇಳಿಯುತ್ತೆ, ಖಾರದ ಕೈ ತಾಗುತ್ತೆ, ಒಂದು ಮೂಲೆ ಸಿಪ್ಪೆ ಏಳುತ್ತೆ. ಆದರೆ ಮಟ್ಟ ಏರಿಸಿದರೆ ಚುಕ್ಕಿ ಇನ್ನೂ ಜಾಸ್ತಿಯಾಗುತ್ತೆ. ಬಾಟಲಿ ಬೇರೆ ಗುಂಡಗೆ. ವಿಳಾಸ ಚಿಕ್ಕದಿದ್ದರೆ ಮಾತ್ರ ಎರಡೂ ಹೊಂದುತ್ತೆ. ನಿಮ್ಮ ಹೆಸರು, ಚುಕ್ಕಿ, ಕಂಪನಿ ಹೆಸರು, ಚುಕ್ಕಿ, ಕಾಮ್ ಅಂತಾದರೆ ಆ ಚೌಕದಲ್ಲಿ ಕಷ್ಟ.

ಮತ್ತೆ ಆನ್‌ಲೈನ್‌ನಲ್ಲಿ "ಫ್ರೀ ಡೈನಾಮಿಕ್ ಕ್ಯೂಆರ್" ಅಂತ ಸಿಗುತ್ತೆ, ಅದರಲ್ಲಿ ಮಾತ್ರ ಮಾಡಿಸಬೇಡಿ. ಆಮೇಲೆ ಬೇಕಾದಾಗ ವಿಳಾಸ ಬದಲಾಯಿಸಬಹುದು ಅಂತ ಹೇಳುತ್ತಾರೆ, ಹೌದು. ಆದರೆ ಅಚ್ಚಾಗುವುದು ಅವರ ವಿಳಾಸ. ಅವರ ಪ್ಲಾನ್ ಮುಗಿದರೆ ಕೋಡ್ ಸತ್ತಂತೆ. ಅದೂ ಇನ್ನೊಬ್ಬರ ಡೊಮೈನೇ.

ಸಾಗರದ ಮಿಡಿ

ಅಯ್ಯೋ, ಆ ಡೈನಾಮಿಕ್ ಕೋಡನ್ನೇ ತಮ್ಮ ಮಾಡಿಟ್ಟಿದ್ದ. ಇನ್ನೂ ಅಚ್ಚಾಗಿಲ್ಲ, ಪುಣ್ಯ. ಇದನ್ನು ತೋರಿಸುತ್ತೇನೆ.

ಒಂದು ಅನುಮಾನ. ಡೊಮೈನ್ ಕೊಂಡರೆ ಅದು ಪೂರ್ತಿ ನಮ್ಮದೇ ಆಗುತ್ತಾ?

ದುರ್ಗಿಗುಡಿ ಡೆವಲಪರ್

ಇಲ್ಲ ಅಕ್ಕ, ಇದನ್ನು ಎಲ್ಲರೂ ತಿಳಿದುಕೊಳ್ಳಬೇಕು. ಡೊಮೈನ್ ಕೊಳ್ಳುವುದು ಅಂತಾರೆ, ಆದರೆ ಇದು ಕ್ರಯಪತ್ರ ಅಲ್ಲ, ಗೇಣಿ. ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು, ಒಟ್ಟಿಗೆ ಹೆಚ್ಚೆಂದರೆ 10 ವರ್ಷಕ್ಕೆ ಕಟ್ಟಬಹುದು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನಾವು ವ್ಯವಹಾರ ಮಾಡುವುದು ನಡುವಿನ ರಿಜಿಸ್ಟ್ರಾರ್ ಕಂಪನಿ ಜೊತೆ.

ಮತ್ತೆ ವ್ಯತ್ಯಾಸ ಏನು ಅಂದ್ರೆ, ಇಲ್ಲಿ ನಿಯಮ ಇದೆ. ಹೊತ್ತಿಗೆ ಸರಿಯಾಗಿ ಕಟ್ಟುತ್ತಾ ಇದ್ದರೆ ಸುಮ್ನೆ ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. ರಿಜಿಸ್ಟ್ರಾರ್ ಸರಿಯಿಲ್ಲ ಅನ್ನಿಸಿದರೆ ಟ್ರಾನ್ಸ್‌ಫರ್ ಕೋಡ್ ತಗೊಂಡು ಬೇರೆಯವರ ಹತ್ತಿರ ಹೋಗಬಹುದು. ಡಾಟ್ ಕಾಮ್ ಆದರೆ ಕೇಳಿದ 5 ದಿನದೊಳಗೆ ಆ ಕೋಡ್ ಕೊಡಬೇಕು ಅಂತ ಐಕಾನ್ (ಡೊಮೈನ್ ಹೆಸರುಗಳ ಜಾಗತಿಕ ಸಂಸ್ಥೆ) ನಿಯಮ ಇದೆ. ಸಬ್‌ಡೊಮೈನ್‌ಗೆ ಇಂಥ ಯಾವ ದಾರಿಯೂ ಇಲ್ಲ. ಅದನ್ನು ಹೊತ್ತುಕೊಂಡು ಬೇರೆ ಕಡೆ ಹೋಗೋಕೆ ಆಗುವುದೇ ಇಲ್ಲ.

ಕೊಪ್ಪದ ಹೋಂಸ್ಟೇ

ಎಲ್ಲರೂ ಸ್ವಂತ ಡೊಮೈನ್ ಅಂತೀರಿ, ಸರಿ. ಆದರೆ ಯಾರ ಹೆಸರಲ್ಲಿ? ನನಗೆ ಇದೇ ದೊಡ್ಡ ಪ್ರಶ್ನೆ.

ನಮ್ಮ ಚಿಕ್ಕಪ್ಪನದು ತೋಟದೊಳಗೆ ಒಂದು ಹೋಂಸ್ಟೇ. ವೆಬ್‌ಸೈಟ್ ಮಾಡಿಕೊಟ್ಟವನು ಪರಿಚಯದ ಹುಡುಗನೇ. "ಡೊಮೈನ್, ಹೋಸ್ಟಿಂಗ್ (ಸೈಟ್ ಇಡುವ ಜಾಗ), ಎಲ್ಲ ಸೇರಿ ಇಷ್ಟು" ಅಂದ, ಚಿಕ್ಕಪ್ಪ ಕೊಟ್ಟರು. ಅವನು ಡೊಮೈನನ್ನು ತನ್ನ ಖಾತೆಯಲ್ಲಿ, ತನ್ನ ಹೆಸರಿಗೆ, ತನ್ನ ಇಮೇಲಿಗೆ ಮಾಡಿಕೊಂಡಿದ್ದ. ಮೊದಮೊದಲು ಪ್ರತಿ ವರ್ಷ ಬಂದು ದುಡ್ಡು ತಗೊಂಡು ಹೋಗುತ್ತಿದ್ದ. ಆಮೇಲೆ ಊರು ಬಿಟ್ಟ, ನಂಬರ್ ಬದಲಾಯಿತು. ಒಂದು ದಿನ ಸೈಟ್ ತೆರೆಯಲಿಲ್ಲ. ಈಗ ಆ ವಿಳಾಸ ಹೊಡೆದರೆ ಯಾವುದೋ ಜೂಜಿನ ಪುಟ ಬರುತ್ತೆ. ಹೋಂಸ್ಟೇ ಬೋರ್ಡು ರಸ್ತೆ ಬದಿ ಇನ್ನೂ ಇದೆ, ವಿಳಾಸದ ಮೇಲೆ ಬಣ್ಣ ಬಳಿದಿದ್ದಾರೆ. ದುಡ್ಡು ಕಟ್ಟಿದ್ದು ಚಿಕ್ಕಪ್ಪ. ಆದರೆ ರಿಜಿಸ್ಟ್ರಾರ್ ಲೆಕ್ಕದಲ್ಲಿ ಚಿಕ್ಕಪ್ಪ ಅನ್ನುವವರು ಇರಲೇ ಇಲ್ಲ.

ನಮ್ಮ ಕಡೆ ಹೋಂಸ್ಟೇ, ಕಾಫಿ ಪುಡಿ ಅಂಗಡಿ, ಜೇನು ಮಾರುವವರು, ಎಷ್ಟು ಜನರದ್ದು ಹೀಗೇ ಇದೆಯೋ. ಇದೂ ಒಂಥರಾ ಸಬ್‌ಡೊಮೈನೇ ಅಲ್ವಾ? ಹೆಸರು ನಮ್ಮದು, ಬೀಗದ ಕೈ ಅವನದು.

ದುರ್ಗಿಗುಡಿ ಡೆವಲಪರ್

ಇದು ಸತ್ಯ, ನಮ್ಮ ಕಸುಬಿನವರಲ್ಲೇ ಇದು ತುಂಬ ನಡೆಯುತ್ತೆ. ಕೆಲವರು ಬೇಕಂತ ಮಾಡುತ್ತಾರೆ, ಗಿರಾಕಿ ಬಿಟ್ಟು ಹೋಗಬಾರದು ಅಂತ. ಜಾಸ್ತಿ ಜನ ಸುಲಭ ಅಂತ ಎಲ್ಲರ ಡೊಮೈನನ್ನೂ ಒಂದೇ ಖಾತೆಯಲ್ಲಿ ಇಟ್ಟುಕೊಂಡಿರುತ್ತಾರೆ. ಎರಡೂ ತಪ್ಪು.

ಹೂಯಿಸ್‌ನಲ್ಲಿ (ಡೊಮೈನ್ ಮಾಲೀಕರ ವಿವರ ತೋರಿಸುವ ಪಟ್ಟಿ) ಹುಡುಕಿ ಯಾರ ಹೆಸರಲ್ಲಿದೆ ನೋಡಿ ಅಂತ ಮೊದಲೆಲ್ಲ ಹೇಳುತ್ತಿದ್ದೆವು. 2018ರಿಂದ ಡಾಟ್ ಕಾಮ್‌ನಂಥವುಗಳಲ್ಲಿ ಬಹುಪಾಲು ಹೆಸರು, ಇಮೇಲ್ ಮುಚ್ಚಿಟ್ಟಿರುತ್ತೆ, ಹಾಗಾಗಿ ಅದನ್ನೇ ನಂಬಬೇಡಿ. ಸರಿಯಾದ ಪರೀಕ್ಷೆ ಇಷ್ಟೇ: ರಿಜಿಸ್ಟ್ರಾರ್ ಸೈಟಿಗೆ ನಿಮ್ಮ ಇಮೇಲ್, ನಿಮ್ಮ ಪಾಸ್‌ವರ್ಡ್, ನಿಮ್ಮ ಮೊಬೈಲ್‌ಗೆ ಬರುವ ಓಟಿಪಿಯಲ್ಲಿ ಲಾಗಿನ್ ಆಗಿ. ಯಾರನ್ನೂ ಕೇಳದೆ ಡಿಎನ್‌ಎಸ್ ಪುಟ ತೆರೆಯೋಕೆ ಆಗುತ್ತಾ, ಟ್ರಾನ್ಸ್‌ಫರ್ ಕೋಡ್ ತೆಗೆಯೋಕೆ ಆಗುತ್ತಾ ನೋಡಿ. ಆಗುತ್ತೆ ಅಂದರೆ ಅದು ನಿಮ್ಮದು. ಇಲ್ಲದಿದ್ದರೆ ರಸೀದಿ ಎಷ್ಟೇ ಇರಲಿ, ನಿಮ್ಮದಲ್ಲ. ಡೆವಲಪರ್‌ಗೆ ಕೆಲಸ ಮಾಡೋಕೆ ಬೇರೆ ಅನುಮತಿ ಕೊಡಬಹುದು, ಖಾತೆಯನ್ನೇ ಕೊಡಬೇಕಾಗಿಲ್ಲ.

ಹೊಸನಗರ ಮಳೆ

ನಮ್ಮ ಕಡೆಯ ತೊಂದರೆ ಬೇರೆ. ಜೂನ್‌ನಿಂದ ಮಳೆ ಹಿಡಿದರೆ ಕರೆಂಟಿಲ್ಲ, ಟವರಿಲ್ಲ. ರಿನ್ಯೂವಲ್ ಇಮೇಲ್ ಬಂದರೂ ನೋಡುವವರಿಲ್ಲ, ಓಟಿಪಿ ಬರಲು ಗುಡ್ಡ ಹತ್ತಬೇಕು. ಡೊಮೈನ್ ಮಳೆಗಾಲದಲ್ಲಿ ಮುಗಿಯುವ ಹಾಗಿದ್ದರೆ ಏನು ಮಾಡುವುದು? ಆಟೋ ರಿನ್ಯೂ ಹಾಕಿಟ್ಟರೆ ಸಾಕಾ?

ದುರ್ಗಿಗುಡಿ ಡೆವಲಪರ್

ಸಾಕಾಗಲ್ಲ ಅಣ್ಣ. ಇದು ನಮ್ಮ ದೇಶದ ವಿಶೇಷ ತೊಂದರೆ. 2021ರ ಅಕ್ಟೋಬರ್ 1ರಿಂದ ಕಾರ್ಡ್‌ನಿಂದ ತಾನಾಗಿ ದುಡ್ಡು ಕಡಿತ ಆಗುವುದಕ್ಕೆ ರಿಸರ್ವ್ ಬ್ಯಾಂಕ್ ಇ-ಮ್ಯಾಂಡೇಟ್ ನಿಯಮ ಬಿಗಿ ಮಾಡಿತು. ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು, ಕಡಿತಕ್ಕೆ ಮುಂಚೆ ಸೂಚನೆ ಬರಬೇಕು. ಗ್ರಾಹಕರಿಗೆ ಒಳ್ಳೆಯದೇ. ಆದರೆ ಎಷ್ಟೋ ಹೊರದೇಶದ ರಿಜಿಸ್ಟ್ರಾರ್‌ಗಳು ಈ ವ್ಯವಸ್ಥೆಗೆ ಹೊಂದಿಕೊಂಡಿಲ್ಲ. ಅವರ ಪುಟದಲ್ಲಿ ಆಟೋ ರಿನ್ಯೂ ಹಸಿರಾಗಿ ಕಾಣಿಸುತ್ತೆ, ಆ ದಿನ ಬಂದಾಗ ನಮ್ಮ ಬ್ಯಾಂಕ್ ಪಾವತಿಯನ್ನು ತಡೆಯುತ್ತೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು, ಒಟ್ಟಿಗೆ ಮೂರೋ ಐದೋ ವರ್ಷಕ್ಕೆ ಕಟ್ಟಿಬಿಡಿ. ಬೇಸಿಗೆಯಲ್ಲಿ, ನೆಟ್‌ವರ್ಕ್ ಇರುವಾಗ. ಅವಧಿ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಯಾವಾಗ ಬೇಕಾದರೂ ಮುಂದಕ್ಕೆ ಸೇರಿಸಬಹುದು.

ಬೆಲೆ ನೋಡುವಾಗಲೂ ಹುಷಾರು. ಮೊದಲ ವರ್ಷದ ರೇಟು ದೊಡ್ಡಕ್ಷರದಲ್ಲಿ ಇರುತ್ತೆ, ಎರಡನೇ ವರ್ಷದ್ದು ಸಣ್ಣಕ್ಷರದಲ್ಲಿ. ನೀವು ಹೋಲಿಸಬೇಕಾಗಿದ್ದು ಎರಡನೆಯದನ್ನು. ಸಾಮಾನ್ಯ ಡಾಟ್ ಇನ್ ಅಥವಾ ಡಾಟ್ ಕಾಮ್ ರಿನ್ಯೂವಲ್ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಅಂತ ಇಟ್ಟುಕೊಳ್ಳಿ, ರಿಜಿಸ್ಟ್ರಾರ್ ಮೇಲೆ ಹೆಚ್ಚುಕಮ್ಮಿ ಆಗುತ್ತೆ.

ಮರೆತರೆ ಏನಾಗುತ್ತೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಸ್ವಲ್ಪ ದಿನ ಮಾಮೂಲಿ ರೇಟಿಗೆ ಬಿಡುತ್ತಾರೆ, ಎಷ್ಟು ದಿನ ಅನ್ನುವುದು ಅವರವರ ಲೆಕ್ಕ. ಆಮೇಲೆ 30 ದಿನ ರಿಡೆಂಪ್ಷನ್, ಆಗ ಬಿಡಿಸಿಕೊಳ್ಳಲು ದಂಡ ಜೋರು. ಆಮೇಲೆ 5 ದಿನ ಯಾರೂ ಏನೂ ಮಾಡೋಕಾಗಲ್ಲ. ಅದು ಮುಗಿದ ಕ್ಷಣಕ್ಕೆ ಹೆಸರು ಬಜಾರಿಗೆ. ಹಳೇ ಲಿಂಕು ಇರುವ ಹೆಸರು ಹಿಡಿಯುವುದಕ್ಕೇ ಜನ ಕಾಯುತ್ತಿರುತ್ತಾರೆ. ಕೊಪ್ಪದ ಅಣ್ಣನ ಚಿಕ್ಕಪ್ಪನ ಹೆಸರು ಜೂಜಿನವರ ಪಾಲಾಗಿದ್ದು ಹೀಗೇ.

ಒಂದು ಸಣ್ಣ ಮಾತು, ಆದರೆ ಮುಖ್ಯ. ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೈನಿನ ಇಮೇಲ್ ಕೊಡಬೇಡಿ. ಡೊಮೈನ್ ನಿಂತರೆ ಇಮೇಲೂ ನಿಲ್ಲುತ್ತೆ, "ನಿಮ್ಮ ಡೊಮೈನ್ ನಿಂತಿದೆ" ಅನ್ನುವ ಸಂದೇಶ ಬರುವುದಕ್ಕೆ ಜಾಗವೇ ಇರುವುದಿಲ್ಲ.

ತೀರ್ಥಹಳ್ಳಿ ಹಳೇ ಬ್ಲಾಗು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

2000ದ ದಶಕದಲ್ಲಿ ಕನ್ನಡದಲ್ಲಿ ಬ್ಲಾಗ್ ಬರೆಯುವ ಹುಮ್ಮಸ್ಸು ಹೇಗಿತ್ತು ಅಂತ ಆಗ ಇದ್ದವರಿಗೆ ಗೊತ್ತು. ಬಹುಪಾಲು ಜನ ಬ್ಲಾಗ್‌ಸ್ಪಾಟ್, ಇಲ್ಲವೇ ವರ್ಡ್‌ಪ್ರೆಸ್ ಡಾಟ್ ಕಾಮ್. ಪುಕ್ಕಟೆ ಸಬ್‌ಡೊಮೈನ್. ಕೆಲವರು ಉತ್ಸಾಹದಲ್ಲಿ ಸ್ವಂತ ಡೊಮೈನ್ ಮಾಡಿದರು. ಇವತ್ತು ಹುಡುಕಿ ನೋಡಿ. ಬ್ಲಾಗ್‌ಸ್ಪಾಟ್‌ನವು ಎಷ್ಟೋ ಹಾಗೇ ಇವೆ, ಬರೆದವರು ಬರೆಯುವುದು ಬಿಟ್ಟು ಎಷ್ಟೋ ಕಾಲ ಆಗಿದ್ದರೂ. ಸ್ವಂತ ಡೊಮೈನಿನವು ಎಷ್ಟೋ ಇಲ್ಲ. ಒಂದು ವರ್ಷ ದುಡ್ಡು ಕಟ್ಟಲಿಲ್ಲ, ಹೋಯಿತು.

ನನ್ನ ಸ್ನೇಹಿತರೊಬ್ಬರು ನಮ್ಮ ಸುತ್ತಲಿನ ಊರುಗಳ ಕಥೆ, ಹಸೆ ಚಿತ್ತಾರ, ಹಳೇ ಅಡುಗೆ ಎಲ್ಲ ಬರೆದಿಟ್ಟಿದ್ದರು. ಸ್ವಂತ ಡೊಮೈನ್, ಸ್ವಂತ ಹೋಸ್ಟಿಂಗ್, ಎಲ್ಲ ಶುದ್ಧ ಅವರ ಹೆಸರಲ್ಲೇ. ಅವರು ತೀರಿಕೊಂಡರು. ಮನೆಯವರಿಗೆ ಅಂಥದ್ದೊಂದು ಖಾತೆ ಇದೆ ಅಂತಲೇ ಗೊತ್ತಿರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಷ್ಟೂ ಬರಹ ಇಲ್ಲವಾಯಿತು. ಪುಕ್ಕಟೆ ಬ್ಲಾಗಿನಲ್ಲಿ ಬರೆದಿದ್ದರೆ ಇವತ್ತಿಗೂ ಓದಬಹುದಿತ್ತೇನೋ. ಸ್ವಂತದ್ದು ಅನ್ನುವುದು ನೋಡಿಕೊಳ್ಳುವ ಒಬ್ಬರು ಇರುವವರೆಗೆ ಮಾತ್ರ. ಈ ಮಾತನ್ನು ಯಾರೂ ಹೇಳಲಿಲ್ಲ, ಅದಕ್ಕೆ ಹೇಳಿದೆ.

ಶಿವಮೊಗ್ಗ ಕನ್ನಡಿಗ

ಸರ್, ನಿಮ್ಮ ಮಾತು ಮನಸ್ಸಿಗೆ ತಾಗಿತು. ಆದರೂ ಬ್ಲಾಗ್‌ಸ್ಪಾಟ್ ವಿಷಯದಲ್ಲಿ ಒಂದು ಸೇರಿಸಬೇಕು. 2012ರ ಸುಮಾರಿನಿಂದ ಭಾರತದಲ್ಲಿ ಕೂತು ಬ್ಲಾಗ್ ತೆರೆದರೆ ಡಾಟ್ ಕಾಮ್ ಇದ್ದದ್ದು ಡಾಟ್ ಇನ್ ಆಗಿ ತೋರಿಸುತ್ತಿತ್ತು. ನಾವೆಲ್ಲ ಆ ಡಾಟ್ ಇನ್ ಲಿಂಕನ್ನೇ ನಕಲು ಮಾಡಿ ಎಲ್ಲ ಕಡೆ ಹಾಕಿದೆವು. ವಿಕಿಪೀಡಿಯ ಪುಟಗಳಿಗೂ, ಫೇಸ್‌ಬುಕ್‌ಗೂ. 2020ರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಅನ್ನುವ ಡೊಮೈನೇ ಗೂಗಲ್ ಕೈ ತಪ್ಪಿ ಬೇರೆಯವರ ಪಾಲಾಯಿತು. ಬ್ಲಾಗುಗಳು ಡಾಟ್ ಕಾಮ್‌ನಲ್ಲಿ ಸುರಕ್ಷಿತವಾಗಿಯೇ ಇದ್ದವು. ಆದರೆ ಆ ಡಾಟ್ ಇನ್ ಲಿಂಕುಗಳೆಲ್ಲ ಹಾಳಾದವು. ಅಷ್ಟು ದೊಡ್ಡ ಕಂಪನಿಯ ಡೊಮೈನಿಗೇ ಹೀಗಾಗಬಹುದು.

ಹಾಗಾಗಿ ಬರಹದ ವಿಷಯದಲ್ಲಿ ನಾನು ಮಾಡುವುದು ಹೀಗೆ. ಬರಹ ಬ್ಲಾಗರ್‌ನಲ್ಲೇ (ಬ್ಲಾಗ್‌ಸ್ಪಾಟ್ ನಡೆಸುವ ಗೂಗಲ್ ಸೇವೆ), ಅದಕ್ಕೆ ಸ್ವಂತ ಡೊಮೈನ್ ಜೋಡಿಸಿದ್ದೇನೆ. ಬ್ಲಾಗರ್ ಅದಕ್ಕೆ ದುಡ್ಡು ಕೇಳುವುದಿಲ್ಲ. ಹಳೇ ಬ್ಲಾಗ್‌ಸ್ಪಾಟ್ ವಿಳಾಸಕ್ಕೆ ಹೋದವರನ್ನು ಅದೇ ಹೊಸದಕ್ಕೆ ಕಳಿಸುತ್ತೆ. ನಾಳೆ ನಾನಿಲ್ಲ, ಯಾರೂ ದುಡ್ಡು ಕಟ್ಟಲಿಲ್ಲ ಅಂದರೂ ಬರಹ ಬ್ಲಾಗರ್ ಒಳಗೆ ಉಳಿದಿರುತ್ತೆ, ಮಗಳು ಸೆಟ್ಟಿಂಗ್ಸ್‌ನಲ್ಲಿ ಡೊಮೈನ್ ತೆಗೆದರೆ ಹಳೇ ವಿಳಾಸದಲ್ಲೇ ಮತ್ತೆ ಕಾಣಿಸುತ್ತೆ. ಅವಳಿಗೆ ಪಾಸ್‌ವರ್ಡ್ ಕೊಟ್ಟಿದ್ದೇನೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಾದರೆ ಸ್ವಂತ ಡೊಮೈನ್ ಜೋಡಿಸಲು ದುಡ್ಡಿನ ಪ್ಲಾನ್ ಬೇಕು, ನೋಡಿಕೊಳ್ಳಿ.

ತೀರ್ಥಹಳ್ಳಿ ಹಳೇ ಬ್ಲಾಗು

ಈ ಏರ್ಪಾಡು ನನಗೆ ಒಪ್ಪಿಗೆ. ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿರಬೇಕು ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು.

ಅಡಿಕೆ ತೋಟ, ಸೊರಬ

ಡೊಮೈನ್ ಹೆಸರು ಆರಿಸುವಾಗ ಊರಿನ ಹೆಸರು ಸೇರಿಸಬೇಕಾ ಬೇಡವಾ ಅಂತಲೂ ಹೇಳಿ. ನಮ್ಮ ಹುಡುಗರು ರಾಶಿ, ಬೆಟ್ಟೆ ಅಡಿಕೆ ಮಾರುವುದಕ್ಕೆ "ಶಿವಮೊಗ್ಗ ಅಡಿಕೆ" ಅನ್ನುವ ಥರದ ಹೆಸರು ನೋಡುತ್ತಿದ್ದಾರೆ.

ಗಾಂಧಿಬಜಾರ್ ಪ್ರಿಂಟರ್

ನನ್ನ ಕೇಳಿದರೆ ಬೇಡ ಅಂತೀನಿ. ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಸರ್ಕಾರ 2014ರ ನವೆಂಬರ್ 1ರಂದು ಶಿಮೊಗ ಇದ್ದದ್ದನ್ನು ಅಧಿಕೃತವಾಗಿ ಶಿವಮೊಗ್ಗ ಮಾಡಿತು. ಇವತ್ತಿಗೂ ಅರ್ಧ ಜನ ಹಳೇದನ್ನೇ ಬರೆಯುತ್ತಾರೆ. ಮೊಗ್ಗದಲ್ಲಿ ಜಿ ಒಂದಾ ಎರಡಾ? ತೀರ್ಥಹಳ್ಳಿಗೆ ಟಿ ಆದ ಮೇಲೆ ಎಚ್ ಬೇಕಾ? ಸಾಗರದ ಕೊನೆಗೆ ಎ ಇದೆಯಾ? ಫೋನಿನಲ್ಲಿ ವಿಳಾಸ ಹೇಳುವಾಗ ಇವೆಲ್ಲ ಬರುತ್ತೆ. ಕೇಳಿದ ತಕ್ಷಣ ಒಂದೇ ಥರ ಬರೆಯಲು ಬರುವ ಹೆಸರು ಇಟ್ಟುಕೊಳ್ಳಿ. ಬೇಕಾದರೆ ನಿಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿ ಬರೆಸಿ ನೋಡಿ.

ಶಿವಮೊಗ್ಗ ಕನ್ನಡಿಗ

ಇಂಗ್ಲಿಷ್ ಅಕ್ಷರದ ಗೊಂದಲವೇ ಬೇಡ ಅಂದರೆ ಕನ್ನಡದಲ್ಲೇ ಡೊಮೈನ್ ಮಾಡಬಹುದಲ್ಲ! ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇದೆ, ಅದನ್ನು ನೋಡಿಕೊಳ್ಳುವುದೂ ನಿಕ್ಸಿಯೇ. ಹೆಸರೂ ಕನ್ನಡ, ಚುಕ್ಕಿ ಆದಮೇಲಿನದೂ ಕನ್ನಡ. ಉಪ್ಪಿನಕಾಯಿ ಬಾಟಲಿ ಮೇಲೆ ಪೂರ್ತಿ ವಿಳಾಸ ಕನ್ನಡದಲ್ಲಿ ಇದ್ದರೆ ಎಷ್ಟು ಚೆನ್ನಾಗಿರುತ್ತೆ ಯೋಚನೆ ಮಾಡಿ. ನಾವೇ ಬಳಸದಿದ್ದರೆ ಇನ್ಯಾರು ಬಳಸಬೇಕು?

ದುರ್ಗಿಗುಡಿ ಡೆವಲಪರ್

ನನಗೂ ಇದು ತುಂಬ ಇಷ್ಟ, ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಅದೊಂದನ್ನೇ ನಂಬಿ ಅಂಗಡಿ ಇಡಬೇಡಿ, ಸದ್ಯಕ್ಕೆ. ಡಿಎನ್‌ಎಸ್ ಒಳಗೆ ಕನ್ನಡ ಅಕ್ಷರ ಹಾಗೇ ಹೋಗುವುದಿಲ್ಲ. ಬ್ರೌಸರ್ ಅದನ್ನು ಎಕ್ಸ್ ಎನ್ ಅಂತ ಶುರುವಾಗುವ ಇಂಗ್ಲಿಷ್ ಅಕ್ಷರದ ಸರಮಾಲೆಗೆ ಬದಲಾಯಿಸಿಕೊಳ್ಳುತ್ತೆ. ನಕಲು ಮಾಡಿ ಬೇರೆ ಕಡೆ ಅಂಟಿಸಿದಾಗ ಕೆಲವು ಕಡೆ ಆ ಸರಮಾಲೆಯೇ ಕಾಣಿಸುತ್ತೆ, ನೋಡಿದವರು ಮೋಸದ ಲಿಂಕ್ ಅಂದುಕೊಳ್ಳುತ್ತಾರೆ. ಕೆಲವು ಫಾರಂಗಳು ಕನ್ನಡ ಡೊಮೈನಿನ ಇಮೇಲನ್ನು ತೆಗೆದುಕೊಳ್ಳುವುದೇ ಇಲ್ಲ. ಲೇಬಲ್ ಮೇಲೆ ಕನ್ನಡ ವಿಳಾಸ ದೊಡ್ಡದಾಗಿ ಅಚ್ಚು ಹಾಕಿಸಿ, ಕ್ಯೂಆರ್ ಒಳಗೆ ಇಂಗ್ಲಿಷ್ ಅಕ್ಷರದ್ದು ಇಡಿ, ಎರಡೂ ಒಂದೇ ಅಂಗಡಿಗೆ ಬರಲಿ. ಖರ್ಚು ಎರಡು ಡೊಮೈನಿನದು, ಅದು ನಿಮ್ಮ ಲೆಕ್ಕ.

ಮಹಿಳಾ ಸಂಘ, ಹೆಗ್ಗೋಡು ಕಡೆ

ನಮ್ಮ ಸಂಘದಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡುವ ಅಕ್ಕಂದಿರು ಇದ್ದಾರೆ. ಒಬ್ಬೊಬ್ಬರೂ ಡೊಮೈನ್ ತೆಗೆದುಕೊಳ್ಳುವುದು ಕಷ್ಟ. ಸಂಘದ್ದು ಒಂದು ಡೊಮೈನ್ ಮಾಡಿ, ಪ್ರತಿಯೊಬ್ಬರಿಗೂ ಅದರಡಿ ಒಂದು ಸಬ್‌ಡೊಮೈನ್ ಕೊಟ್ಟರೆ? ಮೇಲೆ ಹೇಳಿದ ತೊಂದರೆಯೇ ಇದಕ್ಕೂ ಬರುತ್ತಾ?

ದುರ್ಗಿಗುಡಿ ಡೆವಲಪರ್

ಒಳ್ಳೇ ಪ್ರಶ್ನೆ ಅಕ್ಕ. ಬರುತ್ತೆ, ಆದರೆ ಇಲ್ಲಿ ಡೊಮೈನಿನ ಮಾಲೀಕರು ಸಂಘ, ಅಂದರೆ ನೀವೇ. ಸಭೆಯಲ್ಲಿ ಕೇಳಬಹುದು, ಠರಾವು ಮಾಡಬಹುದು. ಆ ಬೇರೆ ಕಂಪನಿಯ ಸಭೆಗೆ ನಾವು ಹೋಗೋಕಾಗುತ್ತಾ? ಸಬ್‌ಡೊಮೈನ್ ಅನ್ನುವುದರಲ್ಲೇ ದೋಷ ಇಲ್ಲ. ಮೇಲಿರುವ ಹೆಸರು ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಕೆಲವು ಕಡೆ ಮೇಲಿನ ಹೆಸರಿನಿಂದಲೇ ನಂಬಿಕೆ ಬರುತ್ತೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್ ಡಾಟ್ ಇನ್ ಅಡಿಗೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು ಅದಕ್ಕೇ. ಬ್ಯಾಂಕ್ ಅಲ್ಲದವರಿಗೆ ಆ ಹೆಸರು ಸಿಗುವುದಿಲ್ಲ, ಹಾಗಾಗಿ ವಿಳಾಸ ನೋಡಿದರೆ ಅಸಲಿ ಅಂತ ಗೊತ್ತಾಗುತ್ತೆ.

ಎರಡು ವಿಷಯ ಮಾತ್ರ ಮೊದಲೇ ಬರೆದಿಡಿ. ಖಾತೆ ಸಂಘದ ಇಮೇಲಿನಲ್ಲಿ ಇರಬೇಕು, ಕಾರ್ಯದರ್ಶಿಯ ಸ್ವಂತ ಇಮೇಲಿನಲ್ಲಿ ಅಲ್ಲ, ಯಾಕಂದ್ರೆ ಕಾರ್ಯದರ್ಶಿ ಬದಲಾಗುತ್ತಾರೆ. ಮತ್ತೆ ಯಾರಾದರೂ ಸಂಘ ಬಿಟ್ಟು ಸ್ವಂತ ಮಾಡುತ್ತೇನೆ ಅಂದರೆ, ಅವರ ಹಳೇ ವಿಳಾಸವನ್ನು ಕಡಿಮೆ ಅಂದರೂ ಒಂದು ವರ್ಷ ಹೊಸದಕ್ಕೆ ತಿರುಗಿಸಿಕೊಡುತ್ತೇವೆ ಅಂತ. ಸೈಟ್ ಜಾಗ ಬದಲಾಯಿಸಿದಾಗ ಒಂದು ವರ್ಷವಾದರೂ ಹಳೇದನ್ನು ತಿರುಗಿಸಿಡಿ ಅಂತ ಗೂಗಲ್ ಹುಡುಕಾಟದವರೂ ಹೇಳುತ್ತಾರೆ. ಅಷ್ಟರಲ್ಲಿ ಹುಡುಕಾಟದಲ್ಲಿ ಹೊಸ ವಿಳಾಸ ಹಳೇದರ ಜಾಗಕ್ಕೆ ಬಂದು ಕೂರುತ್ತೆ.

ಸಾಗರದ ಮಿಡಿ

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಕೂತು ಎಲ್ಲ ಓದಿದೆವು. ನಮ್ಮನೆಯವರಿಗೂ ಬಾಟಲಿ ಮಾತು ಸರಿ ಅನ್ನಿಸಿತು. ಡಾಟ್ ಇನ್ ಒಂದನ್ನು ನನ್ನ ಹೆಸರಲ್ಲೇ, ನನ್ನ ಮೊಬೈಲ್ ನಂಬರಿಗೇ ಐದು ವರ್ಷಕ್ಕೆ ತೆಗೆದುಕೊಂಡಾಯಿತು. ಪಾಸ್‌ವರ್ಡ್ ತಮ್ಮನಿಗೂ ಗೊತ್ತು, ಪುಸ್ತಕದಲ್ಲೂ ಬರೆದಿಟ್ಟಿದ್ದೇನೆ. ಊರಿನ ಹೆಸರು ಸೇರಿಸಲಿಲ್ಲ.

ಈಗ ಒಂದು ತೊಡಕು. ನಮ್ಮ ಆಪ್‌ನ ಪುಕ್ಕಟೆ ಪ್ಲಾನ್‌ನಲ್ಲಿ ಸ್ವಂತ ಡೊಮೈನ್ ಜೋಡಿಸಲು ಬಿಡುವುದಿಲ್ಲವಂತೆ. ದೊಡ್ಡ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ಈಗಲೇ ಅಷ್ಟು ಕೊಡೋಕೆ ಆಗಲ್ಲ. ಲೇಬಲ್ ತಡ ಆಗುತ್ತಿದೆ.

ದುರ್ಗಿಗುಡಿ ಡೆವಲಪರ್

ತೊಂದರೆ ಇಲ್ಲ ಅಕ್ಕ, ಪ್ಲಾನ್ ಬದಲಾಯಿಸದೇ ಮಾಡಬಹುದು. ನಿಮ್ಮ ರಿಜಿಸ್ಟ್ರಾರ್ ಖಾತೆಯಲ್ಲಿ ಫಾರ್ವರ್ಡಿಂಗ್ ಅಂತ ಇರುತ್ತೆ, ಬಹುಪಾಲು ಕಡೆ ಪುಕ್ಕಟೆ. ನಿಮ್ಮ ಡೊಮೈನಿಗೆ ಬಂದವರನ್ನು ಆಪ್ ಕೊಟ್ಟ ಸಬ್‌ಡೊಮೈನಿಗೆ ಕಳಿಸು ಅಂತ ಅಲ್ಲಿ ಹಾಕಿ. ತೆರೆದ ಮೇಲೆ ಮೇಲಿನ ಪಟ್ಟಿಯಲ್ಲಿ ಅವರ ವಿಳಾಸ ಕಾಣಿಸುತ್ತೆ, ಕಾಣಿಸಲಿ. ಬಾಟಲಿ ಮೇಲೆ ಇರುವುದು ನಿಮ್ಮದು. ಮುಂದೆ ಆಪ್ ಬಿಟ್ಟರೆ ಫಾರ್ವರ್ಡಿಂಗ್‌ನ ಒಂದು ಸಾಲು ಬದಲಾಯಿಸಿದರೆ ಸಾಕು. ಶಾಶ್ವತ, ತಾತ್ಕಾಲಿಕ ಅಂತ ಎರಡು ಬಗೆ ಕೇಳುತ್ತೆ. ನಿಮಗೆ ತಾತ್ಕಾಲಿಕ, ಅಂದರೆ 302, ಸರಿ. ಶಾಶ್ವತ ಹಾಕಿದರೆ ಕೆಲವು ಫೋನುಗಳು ಹಳೇ ಗುರಿಯನ್ನೇ ನೆನಪಿಟ್ಟುಕೊಳ್ಳುತ್ತವೆ.

ಅಚ್ಚಿಗೆ ಕೊಡುವ ಮುಂಚೆ ಒಂದು ನೋಡಿ. ಕೆಲವು ರಿಜಿಸ್ಟ್ರಾರ್‌ಗಳ ಫಾರ್ವರ್ಡಿಂಗ್ ಬರೀ ಎಚ್‌ಟಿಟಿಪಿಗೆ ಕೆಲಸ ಮಾಡುತ್ತೆ, ಎಚ್‌ಟಿಟಿಪಿಎಸ್ (ಅದರದೇ ಸುರಕ್ಷಿತ ಬಗೆ) ಹಾಕಿದರೆ ಸರ್ಟಿಫಿಕೇಟ್ ಇಲ್ಲ ಅಂತ ಕೆಂಪು ಎಚ್ಚರಿಕೆ ಬರುತ್ತೆ. ಹಾಗಾದರೆ ಡಿಎನ್‌ಎಸ್ಸನ್ನು ಕ್ಲೌಡ್‌ಫ್ಲೇರ್ ಅನ್ನುವ ಕಂಪನಿಯ ಪುಕ್ಕಟೆ ಖಾತೆಗೆ ಬದಲಾಯಿಸಿ ಅಲ್ಲಿಂದ ತಿರುಗಿಸಿ, ಸರ್ಟಿಫಿಕೇಟ್ ಅವರೇ ಕೊಡುತ್ತಾರೆ. ಡೊಮೈನ್ ನಿಮ್ಮ ರಿಜಿಸ್ಟ್ರಾರ್ ಹತ್ತಿರವೇ ಇರುತ್ತೆ.

ಗಾಂಧಿಬಜಾರ್ ಪ್ರಿಂಟರ್

ಮೇಡಂ, ಮೊದಲು ಒಂದು ಹಾಳೆ ಮಾತ್ರ ಅಚ್ಚು ಹಾಕಿಸಿ. ಲೇಬಲನ್ನು ನಿಜವಾದ ಬಾಟಲಿಗೇ ಅಂಟಿಸಿ, ಮೇಲೆ ಸ್ವಲ್ಪ ಉಪ್ಪಿನಕಾಯಿ ಎಣ್ಣೆ ಒರೆಸಿ, ಮನೆಯಲ್ಲಿ ಇರುವ ಎಲ್ಲಕ್ಕಿಂತ ಹಳೇ ಫೋನಿನಿಂದ ಟ್ಯೂಬ್‌ಲೈಟ್ ಬೆಳಕಲ್ಲಿ ಸ್ಕ್ಯಾನ್ ಮಾಡಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೂ ನೋಡಿ. ಕೋಡಿನ ಸುತ್ತ ಬಿಳಿ ಜಾಗ ನಾಲ್ಕು ಚುಕ್ಕಿಯಷ್ಟಾದರೂ ಬಿಟ್ಟಿರಬೇಕು, ಡಿಸೈನ್ ಮಾಡುವವರು ಅದನ್ನು ತಿಂದುಹಾಕುತ್ತಾರೆ. ಕ್ಯೂಆರ್ ಕೆಳಗೆ ವಿಳಾಸವನ್ನು ಅಕ್ಷರದಲ್ಲೂ ಹಾಕಿಸಿ. ಸ್ಕ್ಯಾನ್ ಮಾಡಲು ಬಾರದವರು ಅದನ್ನು ಓದಿ ಮೊಮ್ಮಕ್ಕಳಿಗೆ ಹೇಳುತ್ತಾರೆ.